ಧಾರೆ ಸೀರೆ, ಕೈಕೆಲಸದ ಬ್ಲೌಸು: ಹಾಸನದ ಒಂದು ಗ್ರಾಹಕ ಪ್ರಕರಣ

ಹಾಸನದ ಒಂದು ಬಟ್ಟೆ ಅಂಗಡಿ. ಕೆಳಗೆ ಸೀರೆ ವ್ಯಾಪಾರ, ಮೇಲಿನ ಮಹಡಿಯಲ್ಲಿ ಅವರದೇ ಬೊಟಿಕ್. ನಮ್ಮ ಚಿಕ್ಕಪ್ಪ ಮಗಳ ಮದುವೆಗೆ ಧಾರೆ ಸೀರೆ ತೆಗೆದದ್ದು ಅಲ್ಲಿ. ಬ್ಲೌಸ್ ಹೊಲಿಯಲು ಕೊಟ್ಟಿದ್ದೂ ಅಲ್ಲೇ. ಸೀರೆಗೆ 46,000 ರೂಪಾಯಿ. ಬ್ಲೌಸಿನ ಹೊಲಿಗೆ, ಕೈಯಲ್ಲಿ ಮಾಡುವ ಆರಿ ವರ್ಕ್ ಕಸೂತಿ ಎಲ್ಲ ಸೇರಿ 9,500. ಯುಗಾದಿ ಕಳೆದ ಮೇಲೆ ಆರ್ಡರ್, 2025ರ ಮೇ ತಿಂಗಳಲ್ಲಿ ಮದುವೆ. ಮದುವೆಗೆ ಒಂದು ವಾರ ಮುಂಚೆ ಬ್ಲೌಸ್ ಕೊಡುತ್ತೇವೆ ಅಂತ ಚೀಟಿಯಲ್ಲಿ ಬರೆದಿದ್ದರು.

ಬ್ಲೌಸ್ ಕೈಗೆ ಬಂದದ್ದು ಚಪ್ಪರದ ದಿನ ಸಂಜೆ. ತೋಳು ಮೊಣಕೈ ದಾಟಲಿಲ್ಲ. ಮನೆ ತುಂಬ ನೆಂಟರು, ಅರಿಶಿಣ ಶಾಸ್ತ್ರಕ್ಕೆ ಹೊತ್ತಾಗುತ್ತಿತ್ತು. ಪಕ್ಕದ ಬೀದಿಯಲ್ಲಿ ಹೊಲಿಯುವ ಅಕ್ಕ ಬಂದು ಕಂಕುಳ ಹತ್ತಿರ ಹೊಲಿಗೆ ಬಿಚ್ಚಿದರು. ಒಳಗೆ ಬಿಟ್ಟಿದ್ದ ಬಟ್ಟೆ ಸಾಲದೆ ಬೇರೆ ತುಂಡು ಸೇರಿಸಿ ಹೊಲಿದುಕೊಟ್ಟರು. ಧಾರೆಗೆ ಅದೇ ಬ್ಲೌಸ್. ಕೈ ಎತ್ತಿ ಹಾರ ಹಾಕುವ ಫೋಟೊಗಳಲ್ಲಿ ಆ ತುಂಡು ಎದ್ದು ಕಾಣುತ್ತದೆ.

ಈ ಪ್ರಕರಣದ ಅರ್ಜಿ ಬರೆದದ್ದು, ಕಾಗದ ಜೋಡಿಸಿದ್ದು ನಾನು. ಹಾಗಾಗಿ ಒಳಗಿನ ವಿಚಾರ ಗೊತ್ತು. ಅಂಗಡಿಯ ಹೆಸರು ಮಾತ್ರ ಬರೆಯುವಂತಿಲ್ಲ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮದುವೆ ಮುಗಿದ ವಾರ ಚಿಕ್ಕಪ್ಪ ಅಂಗಡಿಗೆ ಹೋದರು. ಮಾಲೀಕರು ಕಾಫಿ ತರಿಸಿದರು. ಮಾತು ಮಾತ್ರ ಸಿಹಿ ಇರಲಿಲ್ಲ. "ಸಾರ್, ಅಳತೆ ಕೊಟ್ಟಿದ್ದು ನೀವು. ಬ್ಲೌಸ್ ಬೇರೆಯವರ ಹತ್ರ ಬಿಚ್ಚಿಸಿದೀರಿ. ಹಾಕ್ಕೊಂಡು ಮದುವೆನೂ ಆಗಿದೆ. ಈಗ ಬಂದು ದುಡ್ಡು ವಾಪಸ್ ಕೊಡಿ ಅಂದ್ರೆ ಹೆಂಗೆ?" ಮುಂದಿನ ಖರೀದಿಗೆ ಸಾವಿರ ರೂಪಾಯಿ ಕಡಿಮೆ ಮಾಡಿಕೊಡುತ್ತೇವೆ ಅಂದರು. ಚಿಕ್ಕಪ್ಪನಿಗೆ ರೇಗಿತು. ಬಿಲ್ಲಿನ ಕೆಳಗೆ ಅಚ್ಚಾಗಿದ್ದ ಸಾಲನ್ನು ಮಾಲೀಕರು ಬೆರಳಿಟ್ಟು ತೋರಿಸಿದರು: ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಆ ಸಾಲು ನೋಡಿ ಎಷ್ಟೋ ಜನ ಸುಮ್ಮನೆ ಮನೆಗೆ ಬರುತ್ತಾರೆ. ಅದಕ್ಕೆ ಅಷ್ಟೊಂದು ಬಲವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(47) ಪ್ರಕಾರ, ದೋಷವಿರುವ ಮಾಲನ್ನು ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಹೇಳಿದ್ದರೆ ಅಷ್ಟರೊಳಗೆ, ಹೇಳದಿದ್ದರೆ 30 ದಿನದೊಳಗೆ ಕೊಡಬೇಕು. ಸರಿಯಾಗಿ ಮಾಡದ ಕೆಲಸಕ್ಕೂ ಇದೇ ಮಾತು. ಆದರೆ ಇಲ್ಲಿ ದೋಷ ಅನ್ನುವುದು ಮುಖ್ಯ. ಮನೆಗೆ ಬಂದ ಮೇಲೆ ಇಷ್ಟವಾಗಲಿಲ್ಲ ಅಂದರೆ ಅಂಗಡಿಯವರು ವಾಪಸ್ ತೆಗೆದುಕೊಳ್ಳಲೇಬೇಕು ಅಂತ ಕಾನೂನು ಹೇಳುವುದಿಲ್ಲ. ತೆಗೆದುಕೊಂಡರೆ ಅದು ಅವರ ಸೌಜನ್ಯ.

ಚಿಕ್ಕಮ್ಮನ ಪಟ್ಟಿ

ದೂರು ಬರೆಯೋಣ ಅಂತ ಕೂತಾಗ ಚಿಕ್ಕಮ್ಮ ಒಂದೇ ಉಸಿರಿಗೆ ಹೇಳಿದರು. ಸೀರೆ ಬಣ್ಣ ಫೋಟೊದಲ್ಲಿ ಬಿಳಿಚಿಕೊಂಡಿದೆ. ಕುಚ್ಚು ಒಂದೇ ಸಮ ಇಲ್ಲ. ಬ್ಲೌಸ್ ತಡವಾಯ್ತು. ತೋಳು ಹಿಡಿಯಲಿಲ್ಲ. ಕೈಕೆಲಸ ಅಂತ ಹೇಳಿ ಮಷಿನ್ನಿನಲ್ಲಿ ಮಾಡಿದ್ದಾರೆ. ಸೇಲ್ಸ್ ಹುಡುಗಿ ಫೋನ್ ಎತ್ತಲಿಲ್ಲ. ಬೀಗರ ಮುಂದೆ ಮರ್ಯಾದೆ ಹೋಯಿತು. "ಐದು ಲಕ್ಷ ಕೇಳು, ಬಿಡಬೇಡ" ಅಂತ ಚಿಕ್ಕಪ್ಪ ಸೇರಿಸಿದರು.

ನನ್ನ ಪ್ರಕಾರ ಮದುವೆ ಬಟ್ಟೆಯ ದೂರುಗಳು ಸೋಲುವುದು ಇಲ್ಲೇ. ಅಂದುಕೊಂಡ ಹಾಗೆ ಬರಲಿಲ್ಲ ಅನ್ನುವ ಒಂದು ಮಾತಿನಲ್ಲಿ ನಾಲ್ಕಾರು ದೂರು ಸಿಕ್ಕು ಬಿದ್ದಿರುತ್ತವೆ. ಎಲ್ಲವನ್ನೂ ಒಟ್ಟಿಗೆ ತಗೊಂಡು ಹೋದರೆ ಗಟ್ಟಿಯಾದದ್ದೂ ಸಡಿಲ ಕಾಣುತ್ತದೆ. ನಾವು ಮನಸ್ಸಿನಲ್ಲಿ ಏನು ಅಂದುಕೊಂಡಿದ್ದೆವು ಅನ್ನುವುದನ್ನು ದೂರು ಕೇಳುವ ಗ್ರಾಹಕರ ಆಯೋಗ ಅಳೆಯಲಾರದು. ಅವರು ಏನು ಕೊಡುತ್ತೇವೆ ಅಂದಿದ್ದರು, ಏನು ಕೊಟ್ಟರು, ಅದಕ್ಕೆ ಕಾಗದ ಎಲ್ಲಿದೆ, ಇಷ್ಟನ್ನೇ ನೋಡುವುದು.

ಹಾಗೆ ನೋಡಿದರೆ ಬಣ್ಣದ ದೂರು ನಿಲ್ಲಲಿಲ್ಲ. ಅರಿಶಿಣ ಬಣ್ಣದ ಒಡಲು, ಕೆಂಪು ಅಂಚು. ಚಿಕ್ಕಮ್ಮನೇ ಸೀರೆಯನ್ನು ಅಂಗಡಿ ಬಾಗಿಲ ತನಕ ತಂದು ಬಿಸಿಲಿಗೆ ಹಿಡಿದು ಆರಿಸಿದ್ದು. ಛತ್ರದ ಲೈಟಿಗೆ ಅದು ಪೇಲವ ಕಂಡರೆ ಅಂಗಡಿಯವರ ತಪ್ಪು ಏನು? ಇದೇ ಸೀರೆಯನ್ನು ಆನ್‌ಲೈನ್‌ನಲ್ಲಿ ಫೋಟೊ ನೋಡಿ ತರಿಸಿದ್ದರೆ ಮಾತು ಬೇರೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಮಾಲನ್ನು, ಹೇಳಿದ ದಿನಕ್ಕಿಂತ ತಡವಾಗಿ ಬಂದ ಮಾಲನ್ನು ಮಾರಾಟಗಾರರು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ. ನಮ್ಮದು ಕಣ್ಣಾರೆ ನೋಡಿ, ಮುಟ್ಟಿ ತಂದದ್ದು. ಬಣ್ಣ ಬಿಟ್ಟೆವು. ಕುಚ್ಚೂ ಬಿಟ್ಟೆವು. ಚಿಕ್ಕಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಬ್ಲೌಸಿನ ಒಳಮೈ

ಬ್ಲೌಸಿನ ದೂರು ಗಟ್ಟಿ ಇತ್ತು. ಮೊದಲನೆಯದಾಗಿ ಆರ್ಡರ್ ಚೀಟಿ. ಕಾರ್ಬನ್ ಹಾಳೆ ಇಟ್ಟು ಬರೆದ ಗುಲಾಬಿ ಬಣ್ಣದ ಪ್ರತಿ. ಎದೆ, ಸೊಂಟ, ತೋಳಿನ ಉದ್ದ, ತೋಳಿನ ಸುತ್ತಳತೆ, ಎಲ್ಲ ಅವರ ಟೈಲರ್ ಕೈಬರಹದಲ್ಲೇ ಇತ್ತು. "ಹ್ಯಾಂಡ್ ವರ್ಕ್, ನವಿಲು, ಎರಡು ತೋಳು ಮತ್ತು ಬೆನ್ನು" ಅಂತ ಬರೆದು ಪಕ್ಕದಲ್ಲಿ ಡೆಲಿವರಿ ತಾರೀಖು ಹಾಕಿದ್ದರು. ಅಳತೆ ತೆಗೆದದ್ದು ಅವರೇ ಅನ್ನುವುದಕ್ಕೆ ಇನ್ನೇನು ಬೇಕು? ನೀವು ಕೊಟ್ಟ ಅಳತೆ ಅನ್ನುವ ಮಾತು ಅಲ್ಲಿಗೆ ಬಿತ್ತು.

ಎರಡನೆಯದು ಕೆಲಸ. ಬ್ಲೌಸನ್ನು ಒಳಮಗ್ಗುಲು ತಿರುಗಿಸಿ ಲೈನಿಂಗ್ ಸ್ವಲ್ಪ ಬಿಚ್ಚಿ ನೋಡಿದೆವು. ಆರಿ ಸೂಜಿಯಲ್ಲಿ ಮಾಡಿದ ಕೆಲಸ ಮೇಲ್ಗಡೆ ಸರಪಳಿಯ ಹಾಗೆ ಕಾಣುತ್ತದೆ. ಹಿಂದೆ ಅದೇ ದಾರ ಸಣ್ಣ ಸಣ್ಣ ಗೆರೆಯಾಗಿ ಹೋಗಿರುತ್ತದೆ, ಅಲ್ಲಲ್ಲಿ ಗಂಟು ಸಿಗುತ್ತದೆ. ಈ ಬ್ಲೌಸಿನ ಒಳಮೈಯಲ್ಲಿ ನವಿಲಿನ ಮೈ ಪೂರ್ತಿ ಬಿಳಿ ದಾರ. ಅದು ಮಷಿನ್ನಿನ ಬಾಬಿನ್ ದಾರ. ಅದರಡಿ ಕಾಗದದ ಹಾಗೆ ಗರಿಗರಿ ಹಾಳೆ, ಕಂಪ್ಯೂಟರ್ ವರ್ಕ್ ಮಾಡುವಾಗ ಬಟ್ಟೆ ಸುಕ್ಕಾಗದಿರಲಿ ಅಂತ ಹಾಕುವಂಥದ್ದು. ನವಿಲಿನ ಕಣ್ಣಿಗೆ, ಗರಿಯ ಅಂಚಿಗೆ ಮಾತ್ರ ಕೈಯಲ್ಲಿ ಕೆಲವು ಮಣಿ ಕೂರಿಸಿದ್ದರು. ಎರಡಕ್ಕೂ ದರದಲ್ಲಿ ಅಜಗಜಾಂತರ. ಕೈಕೆಲಸಕ್ಕೆ ದುಡ್ಡು ತಗೊಂಡು ಮಷಿನ್ ಕೆಲಸ ಕೊಟ್ಟರೆ ಅದು ಸೇವೆಯಲ್ಲಿನ ನ್ಯೂನತೆ, ಅನುಮಾನವೇ ಬೇಡ.

ಕಷ್ಟ ಇದ್ದದ್ದು ಬಿಚ್ಚಿ ಹೊಲಿದ ತೋಳಿನ ವಿಷಯದಲ್ಲಿ. ತೋಳು ಎಷ್ಟು ಬಿಗಿ ಇತ್ತು ಅನ್ನುವುದಕ್ಕೆ ಇದ್ದ ಸಾಕ್ಷಿಯನ್ನು ನಾವೇ ಬಿಚ್ಚಿಹಾಕಿದ್ದೆವು. ಮದುವೆ ಮನೆಯಲ್ಲಿ ಬೇರೆ ದಾರಿ ಇರಲಿಲ್ಲ, ಸರಿ. ಉಳಿಸಿದ್ದು ಒಂದು ವಿಡಿಯೊ. ತಂಗಿಯ ಗೆಳತಿ ತಮಾಷೆಗೆ ಅಂತ ತೆಗೆದದ್ದು. ತೋಳು ಮೊಣಕೈ ಹತ್ತಿರ ಸಿಕ್ಕಿಕೊಂಡಿದೆ, ತಂಗಿ ಮೊದಲು ನಗುತ್ತಾಳೆ, ಆಮೇಲೆ ಮುಖ ಸಣ್ಣ ಮಾಡುತ್ತಾಳೆ. ಅದೇ ರಾತ್ರಿ ಆ ವಿಡಿಯೊ ಬೊಟಿಕ್ಕಿನ ವಾಟ್ಸಾಪ್ ನಂಬರಿಗೆ ಹೋಗಿತ್ತು. ಜೊತೆಗೆ "ತೋಳು ಹೋಗ್ತಾನೇ ಇಲ್ಲ ಮೇಡಂ, ಇದು ಹ್ಯಾಂಡ್ ವರ್ಕ್ ಕೂಡ ಅಲ್ಲ" ಅಂತ ಒಂದು ಸಾಲು. ಎರಡು ನೀಲಿ ಗೀಟು ಬಿದ್ದಿದ್ದವು. ಉತ್ತರ ಇರಲಿಲ್ಲ.

ಇಡೀ ಪ್ರಕರಣದಲ್ಲಿ ಈ ಮೆಸೇಜಿನಷ್ಟು ಬೆಲೆ ಬಾಳಿದ ಸಾಕ್ಷಿ ಇನ್ನೊಂದಿಲ್ಲ. ಬಾಕಿ ಹಣ ಕೊಟ್ಟು ಮಾಲು ತಗೊಂಡಿದ್ದೀರಿ, ಅಂದರೆ ಒಪ್ಪಿದಂತೆ ಅಂತ ಅಂಗಡಿಯವರು ಆಮೇಲೆ ವಾದ ಮಾಡಿದರು. ಬಾಕಿ 5,500 ಕೊಟ್ಟಿದ್ದು ಸಂಜೆ, ದೂರು ಹೋಗಿದ್ದು ಅದೇ ರಾತ್ರಿ. ಮೂರು ವಾರ ಬಿಟ್ಟು ನೆನಪಾಗಿ ಹೇಳಿದ್ದಲ್ಲ. ಮುಂಚೆ ಕೊಟ್ಟ 4,000 ಅಡ್ವಾನ್ಸ್, ಆಮೇಲಿನ ಬಾಕಿ, ಎರಡೂ ಫೋನ್‌ಪೇಯಲ್ಲಿ ಹೋಗಿದ್ದರಿಂದ ಹೊತ್ತು ಸಮೇತ ದಾಖಲೆ ಸಿಕ್ಕಿತು. ಹೊಲಿಗೆ ಅಕ್ಕನಿಂದ ಒಂದು ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿದೆವು: ನನ್ನ ಕೈಗೆ ಬಂದಾಗ ತೋಳಿನ ಸುತ್ತಳತೆ ಇಷ್ಟಿತ್ತು, ಚೀಟಿಯಲ್ಲಿ ಇಷ್ಟಿದೆ ಅಂತ. ಅವರು ಮೊದಲು ಹೆದರಿದರು. ಈ ಆಯೋಗದಲ್ಲಿ ಸಾಮಾನ್ಯವಾಗಿ ಪ್ರಮಾಣಪತ್ರ ಮತ್ತು ದಾಖಲೆ ನೋಡಿಯೇ ತೀರ್ಮಾನ ಮಾಡುತ್ತಾರೆ, ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವುದು ಕಡಿಮೆ ಅಂತ ಹೇಳಿದ ಮೇಲೆ ಸಹಿ ಹಾಕಿದರು.

ಆಷಾಢದಲ್ಲಿ ಗೊತ್ತಾದ ಜರಿ

ಜೂನ್ ತಿಂಗಳಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಬ್ಲೌಸಿನ ದೂರು ದಾಖಲಿಸಿದೆವು. ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಂದ ಅಂಗಡಿಗೆ ದೂರು ಹೋಯಿತು, ಅಂಗಡಿಯಿಂದ "ಆಲ್ಟ್ರೇಶನ್ ಫ್ರೀ ಮಾಡಿಕೊಡುತ್ತೇವೆ" ಅಂತ ಉತ್ತರ ಬಂತು. ಮದುವೆ ಮುಗಿದ ಮೇಲೆ ಆಲ್ಟ್ರೇಶನ್ ಯಾರಿಗೆ ಬೇಕು? ಸಹಾಯವಾಣಿ ಮಧ್ಯೆ ನಿಂತು ರಾಜಿ ಮಾಡಿಸಲು ನೋಡುತ್ತದೆ, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ.

ಅಷ್ಟರಲ್ಲಿ ಆಷಾಢ ಬಂತು. ಚಿಕ್ಕಮಗಳೂರು ಜಿಲ್ಲೆಯ ಕಡೂರಿಗೆ ಮದುವೆಯಾಗಿ ಹೋಗಿದ್ದ ತಂಗಿ ತವರಿಗೆ ಬಂದಳು. ಧಾರೆ ಸೀರೆಯೂ ಜೊತೆಗೆ ಬಂತು. ಮಡಿಕೆ ಬದಲಾಯಿಸಿ ಇಡೋಣ ಅಂತ ಬಿಚ್ಚಿದರೆ ಸೊಂಟಕ್ಕೆ ಸಿಕ್ಕಿಸಿದ ಕಡೆ ಅಂಚಿನ ಜರಿ ಕಂದಿತ್ತು. ಚಿಕ್ಕಮ್ಮ ಕೂಡಲೇ "ನಕಲಿ ಜರಿ" ಅಂದರು. ಕಂದಿದ ಮಾತ್ರಕ್ಕೆ ನಕಲಿ ಅನ್ನುವ ಹಾಗಿಲ್ಲ. ಅಸಲಿ ಜರಿ ಅಂದರೆ ಬೆಳ್ಳಿ ಎಳೆಗೆ ಚಿನ್ನದ ಲೇಪ. ಬೆಳ್ಳಿಯೂ ಬೆವರಿಗೆ, ಸೆಂಟಿಗೆ ಕಪ್ಪಾಗುತ್ತದೆ. ಅಂಗಡಿಯವರು ಮುಂದೆ ಇದನ್ನೇ ಹೇಳಿದರು, ಅದು ನ್ಯಾಯವಾದ ಮಾತೇ.

ಸೀರೆಗೆ ಸಿಲ್ಕ್ ಮಾರ್ಕ್ ಚೀಟಿ ಇತ್ತಲ್ಲ ಅಂತ ಚಿಕ್ಕಪ್ಪ ಕೇಳಿದರು. ಇತ್ತು, ಹೋಲೋಗ್ರಾಮ್ ಸಮೇತ ಇತ್ತು. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಈ ಗುರುತು ರೇಷ್ಮೆ ಅಸಲಿ ಅಂತ ಹೇಳುತ್ತದೆ. ಜರಿಯ ಬಗ್ಗೆ ಏನೂ ಹೇಳುವುದಿಲ್ಲ. ಬಹಳ ಜನ ಆ ಚೀಟಿ ನೋಡಿ ಜರಿಯೂ ಅಸಲಿ ಅಂತ ನಂಬುತ್ತಾರೆ. ನೂಲು ಸುಟ್ಟು ನೋಡುವ ಮನೆ ಪರೀಕ್ಷೆಯೂ ಅಷ್ಟೇ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಉಂಡೆಯಾದರೆ ಪಾಲಿಯೆಸ್ಟರ್. ಜರಿಗೆ ಅದರಿಂದ ಪ್ರಯೋಜನವಿಲ್ಲ. ಚಿನ್ನದ ಒಡವೆಗೆ 2021ರಿಂದ ಹಾಲ್‌ಮಾರ್ಕ್ ಕಡ್ಡಾಯ ಮಾಡಿದ ಹಾಗೆ ಜರಿಗೆ ಯಾವ ಕಡ್ಡಾಯವೂ ಇಲ್ಲ. ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಮೈಸೂರು ಸಿಲ್ಕ್‌ನಲ್ಲಿ ಜರಿಗೆ ಶೇಕಡಾ 65 ಬೆಳ್ಳಿ, ಶೇಕಡಾ 0.65 ಚಿನ್ನ ಅಂತ ಲೆಕ್ಕ ಕೊಟ್ಟೇ ಮಾರುತ್ತಾರೆ. ಉಳಿದ ಅಂಗಡಿಗಳಲ್ಲಿ ಪ್ಯೂರ್ ಜರಿ, ಟೆಸ್ಟೆಡ್ ಜರಿ, ಹಾಫ್ ಫೈನ್ ಅಂತ ಬಾಯಿಮಾತು. 2025ರಲ್ಲಿ ಬೆಳ್ಳಿ ಕೆಜಿಗೆ ಲಕ್ಷ ದಾಟಿತ್ತು. ತಾಮ್ರದ ಎಳೆಗೆ ಬೆಳ್ಳಿ ಲೇಪ ಮಾಡಿದ ಟೆಸ್ಟೆಡ್ ಜರಿ ಬಳಸಿದರೆ ಎಷ್ಟು ಉಳಿಯುತ್ತದೆ ಅಂತ ಯಾರಾದರೂ ಊಹಿಸಬಹುದು.

ಪರಿಚಯದ ಒಡವೆ ಅಂಗಡಿಯಲ್ಲಿ ಚಿನ್ನದ ಶುದ್ಧತೆ ನೋಡುವ ಮಷಿನ್ ಇತ್ತು. ಸೆರಗಿನ ಅಂಚನ್ನು ಅದಕ್ಕೆ ಹಿಡಿದರು. ತಾಮ್ರ ಜಾಸ್ತಿ, ಬೆಳ್ಳಿ ಅಲ್ಪ, ಚಿನ್ನ ಕಾಣಲೇ ಇಲ್ಲ. ಮಷಿನ್ನಿನ ಚೀಟಿ ನಮಗೆ ಧೈರ್ಯ ಕೊಟ್ಟಿತು, ಅಷ್ಟೇ. ಒಡವೆ ಅಂಗಡಿ ಬಟ್ಟೆ ಪರೀಕ್ಷೆಯ ಲ್ಯಾಬ್ ಅಲ್ಲ.

ಈಗ ಮುಖ್ಯ ಪ್ರಶ್ನೆ. ಪ್ಯೂರ್ ಜರಿ ಅಂತ ಅವರು ಹೇಳಿದ್ದಕ್ಕೆ ಆಧಾರ ಏನು? ಬಿಲ್ಲಿನಲ್ಲಿ "ಸಿಲ್ಕ್ ಸ್ಯಾರಿ 1" ಅಂತ ಮಾತ್ರ ಇತ್ತು. ಬಿಲ್ ನೋಡಿದರೆ ನಮ್ಮ ಕೇಸ್ ಮುಗಿದ ಹಾಗೆಯೇ. ತಂಗಿಯ ಫೋನಿನಲ್ಲಿ ಹಳೇ ಮೆಸೇಜು ಹುಡುಕಿದೆವು. ಸೀರೆ ಆರಿಸುವ ಮುಂಚೆ ಸೇಲ್ಸ್ ಹುಡುಗಿ ಹತ್ತಿಪ್ಪತ್ತು ಸೀರೆಯ ಫೋಟೊ ಕಳಿಸಿದ್ದಳು. ಈ ಸೀರೆಯ ಕೆಳಗೆ "ಪ್ಯೂರ್ ಸಿಲ್ಕ್ ಪ್ಯೂರ್ ಜರಿ ಮೇಡಂ, 48 ಹೇಳ್ತಿದೀವಿ, ನಿಮಗೆ ಕಡಿಮೆ ಮಾಡ್ಸಿಕೊಡ್ತೀನಿ" ಅಂತ ಬರೆದಿದ್ದಳು. ಅಂಗಡಿಯ ನಂಬರಿನಿಂದಲೇ. ಪಾಪ, ಆ ಹುಡುಗಿಗೆ ಜರಿ ಬಗ್ಗೆ ಏನು ಗೊತ್ತಿರುತ್ತದೆ, ಹೇಳಿಕೊಟ್ಟದ್ದನ್ನು ಬರೆದಿರುತ್ತಾಳೆ. ಆದರೂ ಅದು ಅಂಗಡಿಯ ಮಾತು.

ಅರ್ಜಿಯಿಂದ ರಾಜಿಯವರೆಗೆ

ಆಗಸ್ಟಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಹಾಕಿದೆವು. ಮೊದಲು ಒಂದು ನೋಟಿಸ್ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೆವು. ಕಾಯ್ದೆಯಲ್ಲಿ ಅದು ಕಡ್ಡಾಯ ಅಂತೇನಿಲ್ಲ, ಆದರೆ ಕೇಳಿ ನೋಡಿದ್ದೆವು ಅನ್ನುವುದಕ್ಕೆ ದಾಖಲೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ ಸಮಯ ಇರುತ್ತದೆ, ನಮಗೆ ಅವಸರ ಇರಲಿಲ್ಲ. ಆದರೆ ಬಟ್ಟೆಯ ವಿಷಯದಲ್ಲಿ ತಡ ಮಾಡಿದಷ್ಟೂ "ನೀವು ಸರಿಯಾಗಿ ಇಟ್ಟುಕೊಂಡಿಲ್ಲ" ಅನ್ನುವ ಮಾತಿಗೆ ಜಾಗ ಕೊಟ್ಟ ಹಾಗೆ. ಸೀರೆಯನ್ನು ಡ್ರೈಕ್ಲೀನಿಂಗಿಗೂ ಕೊಡಲಿಲ್ಲ.

ದುಡ್ಡು ಕೊಟ್ಟವರು ಚಿಕ್ಕಪ್ಪ, ಉಟ್ಟವಳು ತಂಗಿ. ಖರೀದಿಸಿದವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ. ಹಾಗಾಗಿ ಇಬ್ಬರ ಹೆಸರಿನಲ್ಲೂ ಅರ್ಜಿ. ದೂರುದಾರರು ವಾಸ ಇರುವ ಜಿಲ್ಲೆಯಲ್ಲೂ ದೂರು ಹಾಕಲು ಸೆಕ್ಷನ್ 34 ಬಿಡುತ್ತದೆ, ಅಂದರೆ ತಂಗಿ ಚಿಕ್ಕಮಗಳೂರಿನಲ್ಲೇ ಹಾಕಬಹುದಿತ್ತು. ಅಂಗಡಿಯವರನ್ನು ಅಲ್ಲಿಗೆ ಅಲೆಸೋಣ ಅಂತ ಚಿಕ್ಕಪ್ಪನಿಗೆ ಆಸೆ. ನಮ್ಮ ಸಾಕ್ಷಿಗಳೆಲ್ಲ ಹಾಸನದಲ್ಲಿ, ಅಲೆಯುವವರು ನಾವೇ ಆಗುತ್ತೇವೆ ಅಂತ ಬೇಡ ಅಂದೆ.

ಐದು ಲಕ್ಷದ ಮಾತೂ ಇಲ್ಲಿ ಬಗೆಹರಿಯಿತು. ಯಾವ ಆಯೋಗಕ್ಕೆ ಹೋಗಬೇಕು ಅನ್ನುವುದು ಎಷ್ಟು ಪರಿಹಾರ ಕೇಳುತ್ತೀರಿ ಅನ್ನುವುದರ ಮೇಲಿಲ್ಲ, ಎಷ್ಟು ದುಡ್ಡು ಕೊಟ್ಟು ಕೊಂಡಿರಿ ಅನ್ನುವುದರ ಮೇಲಿದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. 5 ಲಕ್ಷದವರೆಗಿನ ಖರೀದಿಗೆ ಅರ್ಜಿ ಶುಲ್ಕವೂ ಇಲ್ಲ. ನಾವು ಕೇಳಿದ್ದು ಬ್ಲೌಸಿನ 9,500 ಪೂರ್ತಿ, ಸೀರೆ ವಾಪಸ್ ತಗೊಂಡು 46,000 ಇಲ್ಲವೇ ಜರಿಯ ಬೆಲೆ ವ್ಯತ್ಯಾಸ, ಮನಸ್ಸಿಗಾದ ನೋವಿಗೆ 50,000, ಖರ್ಚಿಗೆ 5,000. ವಕೀಲರನ್ನು ಇಟ್ಟುಕೊಳ್ಳಲಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಹಾಕಿದೆವು. ಸ್ಕ್ಯಾನ್ ಮಾಡಿದ ಫೈಲ್ ಒಂದೆರಡು ಸಲ ಹತ್ತದೆ ಸತಾಯಿಸಿತು, ಅದು ಬಿಟ್ಟರೆ ತೊಂದರೆ ಆಗಲಿಲ್ಲ.

ಅಂಗಡಿಯವರಿಗೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಅದರ ಮೇಲೆ ಒಂದು ದಿನವೂ ಇಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಖಚಿತ ಮಾಡಿದೆ. ಅವರು ಪೂರ್ತಿ ಸಮಯ ತಗೊಂಡು ಉತ್ತರ ಹಾಕಿದರು. ಉಟ್ಟ ಸೀರೆ ವಾಪಸ್ ಪಡೆಯಲಾಗದು ಅನ್ನುವುದು ಅವರ ಮುಖ್ಯ ಮಾತು. ನನಗೂ ಅದರಲ್ಲಿ ಅರ್ಧ ಸತ್ಯ ಕಂಡಿತ್ತು. ಜರಿ ಬೇರೆ ಅಂತ ಉಟ್ಟವರಿಗೆ ಕಣ್ಣಲ್ಲಿ ಗೊತ್ತಾಗುವುದಿಲ್ಲ, ಆದ್ದರಿಂದ ಉಟ್ಟ ಮಾತ್ರಕ್ಕೆ ಹಕ್ಕು ಹೋಗದು. ಆದರೆ ಮದುವೆಯಲ್ಲಿ ಉಟ್ಟು, ಪೂರ್ತಿ ದುಡ್ಡು ವಾಪಸ್ ಅನ್ನುವುದು ಕೇಳುವವರ ಕಿವಿಗೂ ಸರಿ ಕಾಣದು. ಬೆಲೆ ವ್ಯತ್ಯಾಸ ಕೇಳುವುದೇ ಗಟ್ಟಿ.

ಪ್ರಕರಣ ತಿರುಗಿದ್ದು ಲ್ಯಾಬ್ ಪರೀಕ್ಷೆಗೆ ಅರ್ಜಿ ಹಾಕಿದ ಮೇಲೆ. ಸೆಕ್ಷನ್ 38ರ ಪ್ರಕಾರ ಆಯೋಗ ತಾನೇ ಮಾದರಿ ತಗೊಂಡು, ಸೀಲ್ ಮಾಡಿ, ಸೂಕ್ತ ಲ್ಯಾಬಿಗೆ ಕಳಿಸುತ್ತದೆ. 45 ದಿನದೊಳಗೆ ವರದಿ ಕೊಡಲು ಹೇಳುತ್ತದೆ. ಪರೀಕ್ಷೆಯ ಖರ್ಚನ್ನು ದೂರುದಾರರೇ ಮೊದಲು ಕಟ್ಟಬೇಕು. ಕಟ್ಟುತ್ತೇವೆ ಅಂದೆವು. ಅಲ್ಲಿಯವರೆಗೆ ತಾರೀಖಿಗೆ ವಕೀಲರನ್ನು ಕಳಿಸುತ್ತಿದ್ದ ಮಾಲೀಕರು ಆವತ್ತು ತಾವೇ ಬಂದರು. ಹೊರಗೆ ಚಿಕ್ಕಪ್ಪನ ಹತ್ತಿರ "ಅಣ್ಣಾ, ನಮಗೆ ಮಾಲು ಕೊಟ್ಟವನೇ ಹಂಗೆ ಹೇಳಿದ್ದು. ನಮಗೂ ಮೋಸ ಆಗಿದೆ" ಅಂದರು. ಇರಬಹುದು. ಹಾಗಿದ್ದರೆ ಅವರು ಆ ಸಗಟು ವ್ಯಾಪಾರಿಯನ್ನು ಕೇಳಬೇಕು. ನಮಗೆ ಮಾರಿದವರು ಅವರೇ ಅಲ್ವಾ?

ಆಯೋಗ ಮಧ್ಯಸ್ಥಿಕೆಗೆ ಹೋಗುತ್ತೀರಾ ಅಂತ ಕೇಳಿತು. ಎರಡೂ ಕಡೆಯವರು ಲಿಖಿತವಾಗಿ ಒಪ್ಪಿದರೆ ಸೆಕ್ಷನ್ 37ರಲ್ಲಿ ಅದಕ್ಕೆ ಅವಕಾಶ ಇದೆ. ಚಿಕ್ಕಮ್ಮನಿಗೆ ಇಷ್ಟವಿರಲಿಲ್ಲ. ತೀರ್ಪು ಬರಲಿ, ನಾಲ್ಕು ಜನಕ್ಕೆ ಗೊತ್ತಾಗಲಿ ಅನ್ನುವುದು ಅವರ ಹಟ. ಲ್ಯಾಬ್ ವರದಿ ಬಂದು, ಅದಕ್ಕೆ ಆಕ್ಷೇಪಣೆ ಬಂದು, ಕೊನೆಗೆ ಆದೇಶ ಬಂದರೂ ಅವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು ಅಂತ ತಂಗಿಯೇ ಅಮ್ಮನಿಗೆ ಬಿಡಿಸಿ ಹೇಳಿದಳು.

ಒಪ್ಪಂದ ಹೀಗಾಯಿತು. ಬ್ಲೌಸಿನ 9,500 ಪೂರ್ತಿ ವಾಪಸ್. ಸೀರೆ ತಂಗಿಯ ಹತ್ತಿರವೇ ಇರಲಿ, ಜರಿಯ ವ್ಯತ್ಯಾಸಕ್ಕೆ 18,000. ಖರ್ಚಿಗೆ 5,000. ಮನಸ್ಸಿನ ನೋವಿಗೆ ಅಂತ ಬೇರೆ ಏನೂ ಇಲ್ಲ. ತಪ್ಪಾಯಿತು ಅಂತ ಬರೆದುಕೊಡಲೂ ಅವರು ಒಪ್ಪಲಿಲ್ಲ. ಬದಲಿಗೆ ಅಂಗಡಿಯ ಹೆಸರು ಎಲ್ಲೂ ಬರೆಯಬಾರದು ಅಂತ ಒಂದು ಸಾಲು ಸೇರಿಸಿದರು. 18,000 ಹೇಗೆ ಬಂತು ಅಂದರೆ, ಅದೇ ನೇಯ್ಗೆಯ ಸೀರೆ ಟೆಸ್ಟೆಡ್ ಜರಿಯಲ್ಲಿ ಎಷ್ಟಕ್ಕೆ ಮಾರುತ್ತೀರಿ ಅಂತ ಮಧ್ಯಸ್ಥರು ಅವರನ್ನೇ ಕೇಳಿದರು. ಅವರು 32 ಸಾವಿರ ಅಂದರು, ನಾವು 24 ಅಂದೆವು, ನಡುವೆ 28ಕ್ಕೆ ನಿಂತಿತು. ಕೊಟ್ಟ 46ರಲ್ಲಿ ಅದನ್ನು ಕಳೆದರೆ 18.

ಮಧ್ಯಸ್ಥರ ವರದಿ ತಲುಪಿದ 7 ದಿನದೊಳಗೆ ಆಯೋಗ ಅದರಂತೆ ಆದೇಶ ಮಾಡಬೇಕು. ಹೀಗೆ ರಾಜಿಯಾದ ಆದೇಶದ ಮೇಲೆ ಮೇಲ್ಮನವಿ ಇಲ್ಲ. ದುಡ್ಡು ಎರಡು ಕಂತು. ಮೊದಲನೆಯದು ಆದೇಶದ ದಿನವೇ ಚೆಕ್ಕಿನಲ್ಲಿ ಬಂತು. ಎರಡನೆಯದು ಒಂದು ತಿಂಗಳು ತಡವಾಯಿತು. ಆಯೋಗದ ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25,000ದಿಂದ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು ಅಂತ ಸೆಕ್ಷನ್ 72 ಹೇಳುತ್ತದೆ. ಆ ಸೆಕ್ಷನ್ನಿನ ಫೋಟೊವನ್ನು ಚಿಕ್ಕಪ್ಪ ಅಂಗಡಿಯ ಅದೇ ವಾಟ್ಸಾಪ್ ನಂಬರಿಗೆ ಕಳಿಸಿದರು. ಮಾರನೇ ದಿನ ಬಾಕಿ ಹಣ ಅಕೌಂಟಿಗೆ ಬಂತು.